ಹತ್ತಕ್ಕೆ ಆರು

ನಮ್ಮ ರೂಮಿನಲ್ಲಿ ನಾಲ್ಕು ಜನ. ಮೂವರು ಆರು ಕೊಟ್ಟೆವು, ಒಬ್ಬ ಒಂಬತ್ತು ಕೊಟ್ಟ. ಜಗಳ ಶುರುವಾದದ್ದೇ ಅಲ್ಲಿಂದ.

ಎರಡನೇ ಇಂಟರ್ನಲ್ಸ್ ಮುಗಿದ ವಾರ ಅದು. ಪುತ್ತಿಗೆಯ ಮಳೆ ನಿಮಗೆಲ್ಲ ಗೊತ್ತೇ ಇದೆ. ಒಗೆದು ಹಾಕಿದ ಜೀನ್ಸ್ ನಾಲ್ಕನೇ ದಿನವೂ ಹಸಿ, ಕರೆಂಟು ಬಂದರೆ ಬಂತು, ಹೋದರೆ ಹೋಯ್ತು. ಮೂಡುಬಿದಿರೆ ಪೇಟೆಗೆ ಹೋಗಿ ಗೋಳಿಬಜೆ ತಿಂದು ಬರೋಣ ಅಂದರೆ ಛತ್ರಿ ಇದ್ದದ್ದು ಒಂದೇ. ಸಂಘದ ಗ್ರೂಪಿನಲ್ಲಿ "ಈ ಸಂಚಿಕೆಗೆ ಯಾರಾದರೂ ಅನಿಮೆ ಬಗ್ಗೆ ಬರೆಯಿರಿ, ದಯವಿಟ್ಟು ಮತ್ತೆ ನರುಟೊ ಬೇಡ" ಅಂತ ಸಂದೇಶ ಬಂದಿತ್ತು. ಸರಿ, ಯಾರೂ ಹೆಚ್ಚು ಮಾತಾಡದ ಒಂದು ಸರಣಿ ನೋಡೋಣ ಅಂತ ನಾವು 'ಕಾಮಿಸಾಮ ಕಿಸ್' ಹಚ್ಚಿದೆವು.

ನೋಡದವರಿಗೆ ಕತೆ ಸ್ವಲ್ಪ ಹೇಳಿಬಿಡುತ್ತೇವೆ. ಜೂಲಿಯೆಟ್ಟಾ ಸುಝುಕಿ ಅವರ ಮಾಂಗಾ ಇದು; 2008ರಿಂದ 2016ರವರೆಗೆ ಜಪಾನಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 25 ಸಂಪುಟಗಳಲ್ಲಿ ಮುಗಿಯಿತು. ಅನಿಮೆ ಮಾತ್ರ ಎರಡೇ ಸೀಸನ್: 2012ರಲ್ಲಿ 13 ಕಂತು, 2015ರಲ್ಲಿ 12 ಕಂತು. ನಿರ್ದೇಶಕ ಅಕಿತಾರೊ ದೈಚಿ, ಹಳೆಯ 'ಫ್ರೂಟ್ಸ್ ಬಾಸ್ಕೆಟ್' ಮಾಡಿದವರು. ನಾಯಕಿ ನಾನಾಮಿ, ಹೈಸ್ಕೂಲ್ ಹುಡುಗಿ. ಅಪ್ಪ ಜೂಜಾಡಿ ಸಾಲ ಮಾಡಿ ಓಡಿಹೋಗುತ್ತಾನೆ, ಸಾಲಗಾರರು ಬಂದು ಇವಳನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಪಾರ್ಕಿನಲ್ಲಿ ಕೂತಿದ್ದಾಗ ನಾಯಿಗೆ ಹೆದರಿ ಮರ ಹತ್ತಿದ ಒಬ್ಬ ಮನುಷ್ಯನನ್ನು ಕಾಪಾಡುತ್ತಾಳೆ. ಅವನು ಅವಳ ಹಣೆಗೆ ಮುತ್ತಿಟ್ಟು "ನನ್ನ ಮನೆಯಲ್ಲಿ ಇರು" ಅಂತ ವಿಳಾಸ ಕೊಡುತ್ತಾನೆ. ಹೋಗಿ ನೋಡಿದರೆ ಅದು ಮನೆ ಅಲ್ಲ, ಪಾಳುಬಿದ್ದ ಗುಡಿ. ಆ ಮನುಷ್ಯ ಆ ಜಾಗದ ದೇವರು, ಮಿಕಾಗೆ. ಊರು ಬಿಟ್ಟು ಇಪ್ಪತ್ತು ವರ್ಷ ಆಗಿದೆ. ಈಗ ಹಣೆಯ ಗುರುತಿನಿಂದಾಗಿ ನಾನಾಮಿಯೇ ದೇವರು. ಗುಡಿಯಲ್ಲಿ ಕಾದು ಕೂತಿರುವವನು ತೊಮೊಯೆ, ಬೆಳ್ಳಿ ಕೂದಲಿನ ನರಿ. ದೇವರ ಸೇವಕ, ಸಿಡುಕ, ನೋಡೋಕೆ ಮಾತ್ರ ಬಹಳ ಚೆಂದ. ಮುಂದಿನದನ್ನು ನೀವೇ ಊಹಿಸಬಹುದು. ನೀವು ಊಹಿಸಿದ್ದೇ ನಡೆಯುತ್ತೆ.

ಮೊದಲ ಕಂತಿಗೇ ನಮ್ಮ ಬೆಳ್ತಂಗಡಿಯವನು ಶುರು ಮಾಡಿದ. "ಎಂತ ಮಾರಾಯ, ಜಾಗದ ದೈವ ಇಪ್ಪತ್ತು ವರ್ಷ ರಜೆ ಹಾಕೂದುಂಟಾ? ನಮ್ಮಲ್ಲಿ ಆಗಿದ್ರೆ ಯಾವತ್ತೋ ಪ್ರಶ್ನೆ ಇಡ್ತಿದ್ರು." ಕಲಬುರಗಿಯವನಿಗೆ ಪ್ರಶ್ನೆ ಇಡುವುದು ಅಂದರೆ ಏನು ಅಂತ ವಿವರಿಸೋಕೆ ಅರ್ಧ ಗಂಟೆ ಹೋಯ್ತು. ಮನೆತನಕ್ಕೆ, ಊರಿಗೆ ಏನಾದರೂ ಸರಿಹೋಗದಿದ್ದರೆ ಜ್ಯೋತಿಷಿಯನ್ನು ಕರೆಸಿ, ಯಾವ ದೈವಕ್ಕೆ ಏನು ಕಡಿಮೆಯಾಗಿದೆ ಅಂತ ಕೇಳಿಸುವುದು. ಕೇಳಿದ ಮೇಲೆ ಅವನು ಹೇಳಿದ, "ಅಂದ್ರ ಇದು ನಿಮ್ಮೂರಿನ ಕತಿನೇ ಅದ ಬಿಡಪಾ, ಹೆಸರಷ್ಟೇ ಜಪಾನಿಂದು."

ತಮಾಷೆಗೆ ಹೇಳಿದ್ದು, ಆದರೆ ಪೂರ್ತಿ ಸುಳ್ಳೂ ಅಲ್ಲ. ದೂರದ ಆಕಾಶದಲ್ಲಿ ಕೂತ ದೇವರಲ್ಲ. ಒಂದು ಜಾಗಕ್ಕೆ ಸೇರಿದ, ಅಲ್ಲಿನ ಜನರ ಕಷ್ಟ ಕೇಳುವ, ಮರೆತರೆ ಮುನಿಯುವ ಶಕ್ತಿ. ಜಪಾನಿನಲ್ಲೂ ಅದು ಉಂಟು, ಇಲ್ಲೂ ಉಂಟು. ನಾವಿರುವ ಪುತ್ತಿಗೆಯೇ ಒಂದು ಕಾಲಕ್ಕೆ ಚೌಟ ಅರಸರ ರಾಜಧಾನಿ. ಆಮೇಲೆ ಅವರು ರಾಜಧಾನಿಯನ್ನು ಮೂಡುಬಿದಿರೆಗೆ ಒಯ್ದರು. ಸೋಮನಾಥ ದೇವರು ಇಲ್ಲೇ ಉಳಿದ. ಅರಸರು ಜಾಗ ಬದಲಿಸಬಹುದು, ದೇವರಿಗೆ ಅದು ಅಷ್ಟು ಸುಲಭವಲ್ಲ. ಹಾಗಾಗಿ ಗುಡಿ ಬಿಟ್ಟು ಹೋದ ದೇವರು, ಬಿಡದೆ ಕಾದ ನರಿ ಅಂದಾಗ ನಮಗೆ ಕುತೂಹಲ ಹುಟ್ಟಿದ್ದು ಸಹಜವೇ.

ಒಟ್ಟು 25 ಕಂತು, ಒಂದೊಂದು 24 ನಿಮಿಷ. ಲೆಕ್ಕ ಹಾಕಿದರೆ ಹತ್ತು ಗಂಟೆ. ನಾಲ್ಕು ರಾತ್ರಿಯಲ್ಲಿ ಮುಗಿಸಿದೆವು. ಬೇಜಾರಾಯ್ತಾ ಅಂದರೆ ಖಂಡಿತ ಇಲ್ಲ. ಹಾಸ್ಯ ಚೆನ್ನಾಗಿದೆ. ಪಾತ್ರಗಳು ಇದ್ದಕ್ಕಿದ್ದಂತೆ ಗಿಡ್ಡ ಗೊಂಬೆಗಳಾಗಿ ಕಿರುಚಾಡುವುದು, ಗುಡಿಯ ಇಬ್ಬರು ಪುಟ್ಟ ಪರಿಚಾರಕರು ಪ್ರತಿಯೊಂದಕ್ಕೂ ಕಣ್ಣೀರು ಹಾಕುವುದು, ಪಾಪ್ ಗಾಯಕನ ವೇಷದಲ್ಲಿ ತಿರುಗುವ ಕಾಗೆಯಂಥ ತೆಂಗು, ಇದೆಲ್ಲ ನಗಿಸುತ್ತೆ. ಕೆರೆಯ ಮೀನಿನ ರಾಜಕುಮಾರಿ ಹಿಮೆಮಿಕೊ ಹಿಂದೆಂದೋ ಕಂಡ ಮನುಷ್ಯ ಹುಡುಗನನ್ನು ಮರೆಯಲಾರದೆ ಗುಡಿಗೆ ಬಂದು ಕೇಳಿಕೊಳ್ಳುವ ಕತೆಯಂತೂ ಮುದ್ದಾಗಿದೆ. ನಾನಾಮಿಯೂ ಅಳುತ್ತಾ ಕೂರುವ ಹುಡುಗಿಯಲ್ಲ. ಮನೆಯಿಲ್ಲದವಳು, ಸಿಕ್ಕಿದ ಕೆಲಸವನ್ನು ಮೈಮುರಿದು ಮಾಡುತ್ತಾಳೆ.

ಹಾಗಾದರೆ ಆರೇ ಯಾಕೆ?

ನಾವು ಮೂವರು ಹೇಳಿದ್ದು ಇದು. ಈ ಸರಣಿ ಒಳ್ಳೆಯ ಪ್ರಶ್ನೆಗಳನ್ನು ತಾನೇ ಎತ್ತುತ್ತೆ, ಉತ್ತರ ಕೊಡಬೇಕಾದ ಹೊತ್ತಿಗೆ ಒಂದು ಜೋಕು ಹೊಡೆದು ಜಾರಿಕೊಳ್ಳುತ್ತೆ. ಒಂದು ಉದಾಹರಣೆ. ದೇವರಿಗೂ ಸೇವಕನಿಗೂ ನಡುವೆ ಒಪ್ಪಂದ ಆಗುವುದು ಮುತ್ತಿನಿಂದ. ಜೀವ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ನಾನಾಮಿಯೇ ತೊಮೊಯೆಗೆ ಮುತ್ತಿಡುತ್ತಾಳೆ. ಅವನನ್ನು ಕೇಳಿದವರಿಲ್ಲ. ಆಮೇಲೆ ಅವಳು ಬಾಯಿಬಿಟ್ಟು ಆಜ್ಞೆ ಮಾಡಿದರೆ ಅವನ ಮೈ ತಾನಾಗಿ ಪಾಲಿಸುತ್ತೆ, ಇಷ್ಟ ಇರಲಿ ಬಿಡಲಿ. ಹಾಗಿರುವಾಗ ಅವನ ಪ್ರೀತಿ ಎಷ್ಟು ಅವನದು? ಆಜ್ಞೆ ಮಾಡಬಲ್ಲವಳು ಪ್ರೀತಿಗೆ ಬಿದ್ದರೆ ಏನು ಮಾಡಬೇಕು? ಇದರ ಮೇಲೇ ಇಡೀ ಸರಣಿ ನಿಲ್ಲಿಸಬಹುದಿತ್ತು. ಇಲ್ಲಿ ಅದು ಬಹಳ ಸಲ ನಗೆಗೆ ಒದಗುವ ಉಪಾಯ ಅಷ್ಟೇ. ಇನ್ನೊಂದು, ತೊಮೊಯೆ ನೂರಾರು ವರ್ಷಗಳ ಹಿಂದೆ ಪ್ರೀತಿಸಿದ ಹೆಣ್ಣಿನ ಕತೆ. ಅವನು ಹೀಗೇಕೆ ಆದ ಅನ್ನುವುದೆಲ್ಲ ಅಲ್ಲಿದೆ. ಟಿವಿಯ ಎರಡು ಸೀಸನ್‌ಗಳಲ್ಲಿ ಅದು ಮಿಂಚಿ ಮಾಯವಾಗುತ್ತೆ. ಪೂರ್ತಿ ಕತೆ ಆಮೇಲೆ ಪ್ರತ್ಯೇಕವಾಗಿ ನಾಲ್ಕು ಭಾಗಗಳಲ್ಲಿ ಬಂತು. ಹತ್ತು ಗಂಟೆ ಕೂತವನಿಗೆ ಮುಖ್ಯವಾದದ್ದೇ ಸಿಗುವುದಿಲ್ಲ.

ನಮ್ಮ ಭಾಷೆಯಲ್ಲೇ ಹೇಳುವುದಾದರೆ, ಲ್ಯಾಬ್ ರೆಕಾರ್ಡ್ ನೀಟಾಗಿದೆ, ಗ್ರಾಫ್ ಚೆಂದ ಬಂದಿದೆ, ಅಟೆಂಡೆನ್ಸ್ ಕೂಡ ಇದೆ. ವೈವಾದಲ್ಲಿ "ಯಾಕೆ?" ಅಂತ ಒಂದು ಪ್ರಶ್ನೆ ಕೇಳಿದರೆ ಸುಮ್ಮನೆ ನಕ್ಕು ನಿಲ್ಲುತ್ತೆ.

ಹೀಗೆ ತೀರ್ಪು ಬರೆದು ಕಳಿಸೋಕೆ ಹೊರಟಾಗ ನಮ್ಮ ಶಿವಮೊಗ್ಗದವನು ಹೇಳಿದ, "ನಂದು ಒಂಬತ್ತು." ಯಾಕೋ ಅಂದರೆ, "ಹಾವಿನ ಕಂತಿಗೆ" ಅಂದ. ಅಷ್ಟೇ ಹೇಳಿ ಮಗ್ಗುಲಾಗಿ ಮಲಗಿಬಿಟ್ಟ.

ಹಾವಿನ ಕಂತು ಅಂದರೆ ಮಿಝುಕಿಯದು. ಶಾಲೆಯಲ್ಲಿ ಹುಡುಗರು ಬಿಳಿ ಹಾವೊಂದನ್ನು ಗೋಳು ಹುಯ್ದುಕೊಳ್ಳುತ್ತಿದ್ದಾಗ ನಾನಾಮಿ ಬಿಡಿಸುತ್ತಾಳೆ. ಹಾವು ಅವಳ ಕೈಗೆ ಒಂದು ಗುರುತು ಬಿಟ್ಟು ಹೋಗುತ್ತೆ. ಅದು ನಿಶ್ಚಿತಾರ್ಥದ ಗುರುತು. ಆಮೇಲೆ ಮಿಝುಕಿ ಹುಡುಗನ ರೂಪದಲ್ಲಿ ಬಂದು ಅವಳನ್ನು ಕರೆದೊಯ್ದುಬಿಡುತ್ತಾನೆ. ಅವನಿರುವ ಯೊನೊಮೊರಿ ಗುಡಿ ಅಣೆಕಟ್ಟಿನ ನೀರಿನಡಿ ಮುಳುಗಿದೆ. ಜನ ಹೋದರು, ಪೂಜೆ ನಿಂತಿತು, ದೇವಿಯೂ ಇಲ್ಲವಾದಳು. ಆಕೆ ಇಷ್ಟಪಡುತ್ತಿದ್ದ ಪ್ಲಮ್ ಮರವೊಂದನ್ನು ಮಾತ್ರ ಮಿಝುಕಿ ಒಬ್ಬನೇ ಅರಳಿಸಿಕೊಂಡು ಕೂತಿದ್ದಾನೆ. ಅವನಿಗೆ ಹೆಂಡತಿ ಬೇಕಾಗಿರುವುದಕ್ಕಿಂತ ಹೆಚ್ಚಾಗಿ, ಆ ಮರ ನೋಡೋಕೆ ಒಬ್ಬರು ಬೇಕಾಗಿದ್ದಾರೆ.

ಆ ರಾತ್ರಿ ನಾವು ಮೂವರು ಇದಕ್ಕೂ ನಕ್ಕಿದ್ದೆವು. ತೊಮೊಯೆ ಬಂದು ಗಲಾಟೆ ಮಾಡಿ ನಾನಾಮಿಯನ್ನು ಬಿಡಿಸಿಕೊಂಡು ಹೋಗುವುದು ಇದ್ದೇ ಇದೆಯಲ್ಲ. ಶಿವಮೊಗ್ಗದವನು ಮಾತ್ರ ನಕ್ಕಿರಲಿಲ್ಲ. ನಮಗೆ ಅದು ಕಾಣಲೂ ಇಲ್ಲ.

ಮಾರನೇ ದಿನ ಚಾ ಕುಡಿಯುವಾಗ ಅವನೇ ಹೇಳಿದ. ಅವನ ಅಜ್ಜಿ ಶರಾವತಿ ಮುಳುಗಡೆಯವರು. ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಕರೆಂಟು ಬಂತು, ಹೊಳೆಯ ಎರಡೂ ದಂಡೆಯ ಊರುಗಳು ನೀರಿನಡಿ ಹೋದವು. ಅಷ್ಟೇ ಏಕೆ, ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ತಲೆ ಎತ್ತುತ್ತೆ. ಅಲ್ಲಿಂದ ಎದ್ದವರನ್ನು ಲಾರಿಗಳಲ್ಲಿ ತುಂಬಿ ಕಾಡಿನಂಚಿಗೆ ತಂದುಬಿಟ್ಟರಂತೆ. ಎಷ್ಟೋ ಮನೆಗಳ ಜಮೀನಿನ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ಅಜ್ಜಿ ಆಗ ಲಂಗ ಹಾಕುವ ಹುಡುಗಿ. "ಸಣ್ಣವನಿದ್ದಾಗ ಅಜ್ಜಿ ಯಾವಾಗ್ಲೂ ಇದೇ ಕತೆ ಹೇಳ್ತಿದ್ರು. ನಾನು ಮೊಬೈಲ್ ನೋಡ್ತಾ ಹೂಂ ಹೂಂ ಅಂತಿದ್ದೆ. ಆ ಹಾವು ಮರದ ಕೆಳಗೆ ಕೂತಿದ್ದು ನೋಡಿದಾಗ ಎಂಥದೋ ಆಯ್ತು ಮಾರಾಯ" ಅಂದ.

ಇಲ್ಲಿಗೆ ನಮ್ಮ ಜಗಳ ಬೇರೆಯೇ ಆಯ್ತು. ಬೆಳ್ತಂಗಡಿಯವನು, "ಪಾಪ, ಹಾಗಿದ್ರೆ ಏಳೂವರೆ ಕೊಡುವಾ" ಅಂದ. ಶಿವಮೊಗ್ಗದವನಿಗೆ ಸಿಟ್ಟು ಬಂತು. "ಪಾಪ ಅಂತ ಕೊಡೋ ಗ್ರೇಸ್ ಮಾರ್ಕ್ಸ್ ಯಾರಿಗೆ ಬೇಕು?"

ಅದು ನಮಗೂ ತಾಗಿತು. ಯಾಕೆಂದರೆ ಈ ರೂಮಿನಲ್ಲಿ ಯಾರ ಸಿಜಿಪಿಎಯೂ ಏಳು ದಾಟಿಲ್ಲ. ಫೇಲೂ ಅಲ್ಲ, ಟಾಪರೂ ಅಲ್ಲ. ಪ್ಲೇಸ್‌ಮೆಂಟಿನವರು ಪಟ್ಟಿ ನೋಡುವಾಗ ನಮ್ಮ ಹೆಸರಿನ ಮೇಲೆ ಕಣ್ಣು ನಿಲ್ಲುವುದಿಲ್ಲ. ಮನೆಯಲ್ಲಿ "ಪರವಾಗಿಲ್ಲ, ಓದ್ತಾನೆ" ಅನ್ನುತ್ತಾರೆ. ಪರವಾಗಿಲ್ಲ ಅನ್ನಿಸಿಕೊಂಡು ಬದುಕುವುದು ಹೇಗಿರುತ್ತೆ ಅಂತ ನಮಗೆ ಗೊತ್ತು. ನಮಗೆ ಬೇಕಾಗಿರುವುದು ಕೃಪೆಯ ಒಂದೂವರೆ ಮಾರ್ಕ್ಸ್ ಅಲ್ಲ. ಯಾರಾದರೂ ಉತ್ತರಪತ್ರಿಕೆ ಪೂರ್ತಿ ಓದಿ, "ಮೂರನೇ ಪ್ರಶ್ನೆಗೆ ಚೆನ್ನಾಗಿ ಶುರು ಮಾಡಿದ್ದೀಯ, ಇಲ್ಲಿ ಬಿಟ್ಟುಬಿಟ್ಟೆ" ಅಂತ ಅಂಚಿನಲ್ಲಿ ಬರೆದರೆ ಸಾಕು. ಹಾಗೆ ನೋಡಿದರೆ ನಾವು ಮೂವರೂ ಈ ಸರಣಿಯ ಪತ್ರಿಕೆಯನ್ನು ಪೂರ್ತಿ ಓದಿರಲಿಲ್ಲ. ಒಟ್ಟು ಅಂಕ ಮಾತ್ರ ಹಾಕಿದ್ದೆವು.

ಅದಕ್ಕೇ ಮತ್ತೆ ಕೂತೆವು. ಈ ಸಲ ಮಿಝುಕಿಯ ಭಾಗವನ್ನು ಮೊದಲು ನೋಡಿದೆವು. ಆಮೇಲೆ ಇದೇ ವಸ್ತು ಇಟ್ಟುಕೊಂಡ ಬೇರೆಯವನ್ನು ನೋಡಿದೆವು, ಹೋಲಿಸೋಕೆ.

'ನಾತ್ಸುಮೆ ಯೂಜಿನ್‌ಚೊ' 2008ರಲ್ಲಿ ಶುರುವಾದ ಸರಣಿ. ಅದರ ಎರಡನೇ ಕಂತಿನಲ್ಲಿ ಒಬ್ಬ ಪುಟ್ಟ ದೇವರು ಬರುತ್ತಾನೆ, ಅಂಗೈಯಲ್ಲಿ ಹಿಡಿಸುವಷ್ಟು. ಮೊದಲು ದೊಡ್ಡವನೇ ಇದ್ದ. ಪೂಜಿಸುವವರು ಕಡಿಮೆಯಾದ ಹಾಗೆ ಅವನೂ ಕುಗ್ಗಿದ. ಕೊನೆಗೆ ಉಳಿದವಳು ಹಾನಾ ಅನ್ನುವ ಒಬ್ಬ ಮುದುಕಿ. ಅವಳು ತೀರಿಕೊಂಡ ದಿನ ಅವನೂ ಹೋಗುತ್ತಾನೆ. ಅವಳು ಯುವತಿಯಾಗಿದ್ದಾಗಿನಿಂದ ಅವನಿಗೆ ಅವಳ ಮೇಲೆ ಮನಸ್ಸು. ಇದೂ ದೇವರು, ಮನುಷ್ಯರ ನಡುವಿನ ಪ್ರೀತಿಯ ಕತೆಯೇ. ಒಂದೇ ಕಂತು, ಕಿರುಚಾಟವಿಲ್ಲ. ಮುಗಿದಾಗ ನಮ್ಮಲ್ಲಿ ಯಾರೂ "ನೆಕ್ಸ್ಟ್" ಒತ್ತಲಿಲ್ಲ.

ಮಿಯಾಝಾಕಿಯ 'ಸ್ಪಿರಿಟೆಡ್ ಅವೇ' (2001) ಹೆಚ್ಚಿನವರು ನೋಡಿರುತ್ತೀರಿ. ಹಾಕು ಒಂದು ನದಿಯ ದೇವರು. ಆ ನದಿಯನ್ನು ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಚಿಹಿರೊ ಅವನಿಗೆ ಅವನ ಹೆಸರು ನೆನಪು ಮಾಡಿಕೊಡುತ್ತಾಳೆ, ಆದರೆ ಹೋದ ನದಿಯನ್ನು ವಾಪಸ್ ಕೊಡೋಕೆ ಅವಳಿಂದ ಆಗಲ್ಲ. ಚಿತ್ರ ಆ ನೋವನ್ನು ಮುಚ್ಚಿಡುವುದಿಲ್ಲ.

ಇನ್ನು ನಮ್ಮಲ್ಲೇ ನಾ. ಡಿಸೋಜರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ ಮಾಡಿದ 'ದ್ವೀಪ' (2002) ಇದೆ. ಅಣೆಕಟ್ಟಿನ ನೀರು ಸುತ್ತ ಏರುತ್ತಿರುವಾಗ ಗುಡ್ಡದ ಮೇಲಿನ ಒಂದು ಮನೆ, ದೇವರ ಪೂಜೆ ಬಿಟ್ಟು ಬರಲಾರದ ಮಾವ, ಗಂಡ, ಹೆಂಡತಿ ನಾಗಿ. ಸೌಂದರ್ಯ ಅವರೇ ನಿರ್ಮಿಸಿ ನಾಗಿಯಾಗಿ ನಟಿಸಿದ ಚಿತ್ರ. ಅಲ್ಲಿ ಯಕ್ಷಿಯೂ ಇಲ್ಲ, ನರಿಯೂ ಇಲ್ಲ. ಆದರೂ ಮುಳುಗುವ ಜಾಗದಲ್ಲಿ ದೇವರನ್ನು ಹಿಡಿದುಕೊಂಡು ಕೂರುವುದು ಅಂದರೇನು ಅಂತ ನೀರಿನ ಸದ್ದಿನಲ್ಲೇ ಗೊತ್ತಾಗುತ್ತೆ.

ಇವೆಲ್ಲ ಆದಮೇಲೆ 'ಕಾಮಿಸಾಮ ಕಿಸ್' ಎಲ್ಲಿ ಸೋತಿತು ಅಂತ ಖಚಿತವಾಗಿ ಹೇಳೋಕೆ ಬಂತು. ಅದರ ಕೈಯಲ್ಲೂ ಅದೇ ಕಚ್ಚಾವಸ್ತು ಇತ್ತು. ಮುಳುಗಿದ ಗುಡಿ, ಇಲ್ಲವಾದ ದೇವಿ, ಒಬ್ಬನೇ ಉಳಿದ ಸೇವಕ. ತೊಮೊಯೆಯ ಇಪ್ಪತ್ತು ವರ್ಷದ ಕಾಯುವಿಕೆಗೆ ಇದು ಕನ್ನಡಿ: ಇವನ ದೇವರು ಎಲ್ಲೋ ಇದ್ದಾನೆ, ಅವನ ದೇವಿ ಇಲ್ಲವೇ ಇಲ್ಲ. ಇಬ್ಬರು ಸೇವಕರು ಎದುರಾಬದುರಾ ನಿಂತಾಗ ಇಷ್ಟು ಹೇಳಿಕೊಂಡಿದ್ದರೂ ಸಾಕಿತ್ತು. ಆದರೆ ಸರಣಿಗೆ ಅವಸರ. ಹೊಡೆದಾಟ, ಬಿಡುಗಡೆ, ಮನೆಗೆ ವಾಪಸ್. ಮುಂದೆ ಮಿಝುಕಿಯೂ ನಾನಾಮಿಯ ಗುಡಿಗೇ ಬಂದು ಸೇರುತ್ತಾನೆ, ತೊಮೊಯೆ ಜೊತೆ ಕಿತ್ತಾಡುವ ಹಾಸ್ಯಪಾತ್ರವಾಗಿ. ಒಂಟಿಯಾಗಿದ್ದವನಿಗೆ ಮನೆ ಸಿಕ್ಕಿತಲ್ಲ ಅಂತ ನಮಗೂ ಖುಷಿಯಾಯ್ತು. ನೀರಿನಡಿಯ ಗುಡಿ ಮಾತ್ರ ಅಲ್ಲೇ ಹಿಂದೆ ಉಳಿಯಿತು.

ನೋಡುವಾಗ ಹಿತವಾಗುವುದು ಬೇರೆ, ನೋಡಿಯಾದ ಮೇಲೆ ಉಳಿಯುವುದು ಬೇರೆ. ಹಿತವಾಗುವುದನ್ನು ನಾವು ಕೀಳು ಅನ್ನುತ್ತಿಲ್ಲ. ಇಂಟರ್ನಲ್ಸ್ ಆದ ವಾರ, ಮಳೆ ಹೊಡೆಯುತ್ತಿರುವಾಗ, ಹಿತವಾದ ಹತ್ತು ಗಂಟೆ ಸಣ್ಣ ವಿಷಯ ಅಲ್ಲ. ಆದರೆ ಉಳಿಯಬೇಕಾದರೆ ಕತೆ ತಾನೇ ತಂದ ನೋವಿನ ಪಕ್ಕ ಒಂದೆರಡು ನಿಮಿಷ ಕೂರಬೇಕು. ಇದು ಕೂರಲಿಲ್ಲ.

ಹಾಗಾದರೆ ಶಿವಮೊಗ್ಗದವನ ಒಂಬತ್ತು ತಪ್ಪಾ? ಇದೇ ನಮಗೆ ಕಷ್ಟವಾದದ್ದು. ಅವನಿಗೆ ಅದು ನಿಜವಾಗಿ ತಟ್ಟಿದೆ. ಸರಣಿ ಅರ್ಧಕ್ಕೆ ಬಿಟ್ಟ ಜಾಗವನ್ನು ಅವನು ತನ್ನ ಅಜ್ಜಿಯ ಊರಿನಿಂದ ತುಂಬಿಕೊಂಡಿದ್ದಾನೆ. ಆ ಮೂರು ಅಂಕ ಅಜ್ಜಿಗೆ ಸೇರಬೇಕಾದದ್ದು, ಅನಿಮೆಗಲ್ಲ. ಇದನ್ನು ಅವನ ಎದುರು ಹೇಳೋಕೆ ಹಿಂಜರಿದೆವು. ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಬೋದು" ಅಂದ.

ಆ ರಾತ್ರಿ ಅವನು ಊರಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ. ಅಜ್ಜಿಗೆ ಮೊಮ್ಮಗ ಊಟ ಮಾಡಿದನೋ ಇಲ್ಲವೋ ಅನ್ನುವುದೇ ಮೊದಲ ಚಿಂತೆ. ಆಮೇಲೆ ಇವನು ಕೇಳಿದ, "ಅಜ್ಜಿ, ನಿಮ್ಮೂರು ಮುಳುಗಿದಾಗ ದೇವ್ರನ್ನ ಏನು ಮಾಡಿದ್ರಿ?" ಅಜ್ಜಿಗೆ ಆಶ್ಚರ್ಯ. "ಎಂಥಕ್ಕಾ ಈಗ ಅದೆಲ್ಲ?" ಅಂದರು. ಆಮೇಲೆ ತಾವಾಗಿಯೇ ಹೇಳಿದರು. "ದೇವ್ರನ್ನ ತಂದ್ವಿ ಮಗಾ. ಮಡ್ಲಲ್ಲಿ ಇಟ್ಕೊಂಡು ತಂದ್ರು ನಮ್ಮಮ್ಮ. ಮರ ತರಕ್ಕೆ ಆಗ್ಲಿಲ್ಲ."

ಅದು ಯಾವ ಮರ, ಎಲ್ಲಿತ್ತು, ಯಾರು ನೆಟ್ಟಿದ್ದು ಅಂತ ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಈ ಸಲ ಅವನು ಬರೇ ಹೂಂ ಅನ್ನಲಿಲ್ಲ, ನಡುನಡುವೆ ಪ್ರಶ್ನೆ ಕೇಳಿದ. ನಾವು ಮೂವರು ಎದ್ದು ಹೊರಗೆ ಜಗಲಿಯಲ್ಲಿ ಕೂತೆವು.

ಫೋನ್ ಇಟ್ಟು ಬಂದು ಅವನೇ ಹೇಳಿದ, "ಆರೇ ಬರೀರಿ. ಆದ್ರೆ ಆ ಕಂತಿನ ಬಗ್ಗೆ ಬರೀದೇ ಬಿಡಬೇಡಿ."

ಬರೆದಿದ್ದೇವೆ. 'ಕಾಮಿಸಾಮ ಕಿಸ್': ಹತ್ತಕ್ಕೆ ಆರು. ನಗಿಸುತ್ತೆ, ಬೇಜಾರು ಮಾಡಲ್ಲ, ಪರೀಕ್ಷೆ ಮುಗಿದ ವಾರಕ್ಕೆ ಹೇಳಿ ಮಾಡಿಸಿದ್ದು. ಪೂರ್ತಿ ನೋಡೋಕೆ ಪುರುಸೊತ್ತಿಲ್ಲದವರು ಮೊದಲ ಸೀಸನ್ನಿನಲ್ಲಿ ಬಿಳಿ ಹಾವು ಬರುವ ಭಾಗದವರೆಗಾದರೂ ನೋಡಿ. ಅಲ್ಲಿ ನಿಲ್ಲಿಸಿ 'ದ್ವೀಪ' ನೋಡಿ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಒಂದು ಫೋನೂ ಮಾಡಿ. ನಮ್ಮ ಶಿವಮೊಗ್ಗದವನು ಈ ರಜೆಗೆ ಅವರನ್ನು ಕರೆದುಕೊಂಡು ಹಿನ್ನೀರಿನ ದಂಡೆಗೆ ಹೋಗುವವನಿದ್ದಾನೆ. ನಾವೂ ಬರ್ತೇವೆ ಅಂದಿದ್ದೇವೆ, ಬಸ್ ಚಾರ್ಜಿಗೆ ದುಡ್ಡು ಹೊಂದಿಸಬೇಕು.